ಬಿಳಿಮೀನಿಗೆ ಹೆಸರು ಸಿಗಲು ತಡವಾಯಿತು

ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಪುರಿ ಎರಚಿದರೆ ನೀರು ಕುದಿಯುವಂತೆ ಮೀನುಗಳು ಮೇಲೇಳುತ್ತವೆ. ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ಇದೇ ನೋಟ. ಭಕ್ತರಿಗೆ ಅವು ದೇವರ ಮೀನು, ಗಾಳ ಹಾಕುವ ಶೋಕಿಯವರಿಗೆ ಮಶೀರ್, ಕಾವೇರಿ ದಂಡೆಯ ಊರುಗಳಲ್ಲಿ ಬಿಳಿಮೀನು. ಹೆಸರಿಗೇನೂ ಬರವಿಲ್ಲ. ಆದರೂ ಈ ಬಳಗದ ದೈತ್ಯ, ಕಾವೇರಿಯ ಗೂನುಬೆನ್ನಿನ ಕಿತ್ತಳೆ ಈಜುರೆಕ್ಕೆಯ ಮಶೀರ್‌ಗೆ ಯಾವ ವೈಜ್ಞಾನಿಕ ಹೆಸರು ಸಲ್ಲುತ್ತದೆ ಎಂಬುದು 2018ರ ತನಕ ಇತ್ಯರ್ಥವಾಗಿರಲಿಲ್ಲ. ಅದರಿಂದ ಮೀನಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾಗಿದೆ, ಸಣ್ಣದೇನಲ್ಲ.

ವೈಜ್ಞಾನಿಕ ಹೆಸರೆಂದರೆ ನಾಲಿಗೆ ಹೊರಳದ ಲ್ಯಾಟಿನ್ ಎಂದು ಹೆದರುವುದುಂಟು. ಅದರ ಜೋಡಣೆ ನಮಗೆ ಹೊಸದಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಊರು, ತಂದೆ ಮೊದಲು ಬಂದು, ಆಮೇಲೆ ವ್ಯಕ್ತಿ ಬರುತ್ತಾನೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 18ನೇ ಶತಮಾನದಲ್ಲಿ ನೆಲೆಗೊಳಿಸಿದ ಪದ್ಧತಿಯಲ್ಲೂ ಮೊದಲ ಪದ ಜಾತಿಯನ್ನು, ಎರಡನೆಯದು ಪ್ರಭೇದವನ್ನು ಹೇಳುತ್ತದೆ. ಮಶೀರ್‌ಗಳ ಜಾತಿ ‘ಟಾರ್’. ಅದು ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ್ದು. ಮಾರುಕಟ್ಟೆಯ ಕಾಟ್ಲಾ, ರೋಹು ಅದರ ದಾಯಾದಿಗಳು. ಕುಟುಂಬದ ಮೇಲೆ ಗಣ, ವರ್ಗ, ವಂಶ, ಸಾಮ್ರಾಜ್ಯ. ಶಾಲೆಯಲ್ಲಿ ಈ ಮೆಟ್ಟಿಲುಗಳನ್ನು ಉರು ಹೊಡೆಸುತ್ತಾರೆ. ಇಡೀ ವ್ಯವಸ್ಥೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಅದು ನಿಂತಿರುವುದು ಮೂಲ ಮಾದರಿಯ ಮೇಲೆ. ಹೊಸ ಪ್ರಭೇದಕ್ಕೆ ಹೆಸರಿಡುವವರು ಅದರ ಲಕ್ಷಣಗಳನ್ನು ಬರೆದು ಪ್ರಕಟಿಸಬೇಕು. ಆ ಹೆಸರನ್ನು ಒಂದು ನಿರ್ದಿಷ್ಟ ಮಾದರಿಗೆ ಕಟ್ಟಬೇಕು. ಮೀನಾದರೆ ಅದು ಯಾವುದೋ ಸಂಗ್ರಹಾಲಯದ ಬಾಟಲಿಯಲ್ಲಿ ದ್ರಾವಣದೊಳಗೆ ಕೂತಿರುತ್ತದೆ. ಜಮೀನಿನ ಗಡಿ ತಗಾದೆ ಬಂದಾಗ ಸರ್ವೆ ಕಲ್ಲನ್ನು ಹುಡುಕಿಕೊಂಡು ಹೋಗುವುದಿಲ್ಲವೇ? ಹಾಗೆಯೇ ಹೆಸರಿನ ತಗಾದೆಯಲ್ಲಿ ಈ ಮಾದರಿಯೇ ಸಾಕ್ಷಿ. ಒಂದೇ ಜೀವಿಗೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದದ್ದು ಗೆಲ್ಲುತ್ತದೆ. ಪ್ರಾಣಿಗಳ ಮಟ್ಟಿಗೆ ಈ ಲೆಕ್ಕ 1758ರಿಂದ ಶುರು, ಅಂದರೆ ಲಿನೇಯಸನ ‘ಸಿಸ್ಟಮಾ ನ್ಯಾಚುರೇ’ಯ ಹತ್ತನೇ ಆವೃತ್ತಿಯಿಂದ.

ಕಾವೇರಿಯ ಗೂನು ಮಶೀರ್ ವಿಷಯದಲ್ಲಿ ಈ ಸರ್ವೆ ಕಲ್ಲೇ ಇರಲಿಲ್ಲ. ಮೀನು ಅಪರಿಚಿತವಾಗಿತ್ತೇ? ಖಂಡಿತ ಇಲ್ಲ. ಬ್ರಿಟಿಷರ ಕಾಲದಿಂದಲೂ ಗಾಳಗಾರರು ಇದರ ಬೆನ್ನು ಹತ್ತಿದ್ದರು. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಮೀನೊಂದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಹಿಡಿದವರು ಮೈಸೂರಿನ ವಾನ್ ಇಂಗೆನ್ ಮನೆತನದವರು. ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧರು! ಎಲ್ಲರಿಗೂ ಗೊತ್ತಿದ್ದ ಮೀನು; ಗೊತ್ತಿದೆ ಎಂಬ ಭಾವನೆಯೇ ಮುಳುವಾಯಿತು. ಸೈಕ್ಸ್ ಎಂಬಾತ 1839ರಲ್ಲಿ ಕೃಷ್ಣಾ ಕಣಿವೆಯ ಮೀನೊಂದಕ್ಕೆ ಇಟ್ಟಿದ್ದ ‘ಮುಸ್ಸುಲ್ಲಾ’ ಎಂಬ ಹೆಸರನ್ನೇ ಇದಕ್ಕೂ ಅಂಟಿಸಿ ದಶಕಗಟ್ಟಲೆ ಬಳಸಿದರು. ಆ ಮೀನು ಮಶೀರೇ ಅಲ್ಲ, ಬೇರೆ ಜಾತಿಯದು ಎಂದು ಆಮೇಲೆ ತಿಳಿಯಿತು.

ಇತ್ತ ಮಹಾರಾಷ್ಟ್ರದ ಲೋಣಾವಳದಲ್ಲಿ ಮಶೀರ್ ಮರಿ ಮಾಡುವ ಕೆಲಸ ನಡೆದಿತ್ತು. ಉದ್ದೇಶ ಒಳ್ಳೆಯದೇ. ಅಲ್ಲಿ ಬೆಳೆಸಿದ್ದು ನೀಲಿ ಈಜುರೆಕ್ಕೆಯ ‘ಟಾರ್ ಖುದ್ರೀ’. ಅದರ ಮರಿಗಳನ್ನು ಕಾವೇರಿಗೂ ಬಿಟ್ಟರು. ಮಶೀರ್ ಮಶೀರೇ ತಾನೆ ಎಂಬ ಲೆಕ್ಕಾಚಾರ. ಮುಂದಿನ ವರ್ಷಗಳಲ್ಲಿ ಕಾವೇರಿ ದಂಡೆಯ ಗಾಲಿಬೋರೆಯ ಗಾಳಗಾರರಿಗೆ ನೀಲಿಯವು ಹೆಚ್ಚುಹೆಚ್ಚಾಗಿ ಸಿಗತೊಡಗಿದವು, ಗೂನು ಬೆನ್ನಿನವು ಕಾಣೆಯಾಗುತ್ತ ಬಂದವು. ಅಣೆಕಟ್ಟು, ಮರಳು ಗಣಿಗಾರಿಕೆ, ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ಇವೂ ತಮ್ಮ ಪಾಲಿನ ಹಾನಿ ಮಾಡಿದವು. ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಆಗ ರಕ್ಷಣೆಯ ಹಣೆಪಟ್ಟಿ ಹೊತ್ತಿದ್ದು ಹೆಸರಿದ್ದ ಖುದ್ರೀ. ನಿಜಕ್ಕೂ ಸಾಯುತ್ತಿದ್ದ ಮೀನಿಗೆ ಖಚಿತ ಹೆಸರೇ ಇಲ್ಲದ್ದರಿಂದ ಪಟ್ಟಿಯ ಬಾಗಿಲೇ ತೆರೆಯಲಿಲ್ಲ.

ಉತ್ತರ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆ. ಕೇರಳದ ಚಿನ್ನಾರ್ ಕಾಡಿನಲ್ಲಿ ಪೂರ್ವಕ್ಕೆ ಹರಿಯುವ ಪಾಂಬಾರ್ ಎಂಬ ಹೊಳೆಯಿದೆ. ಅದರ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಅಲ್ಲಿನ ಎಳೆಯ ಮೀನುಗಳನ್ನಷ್ಟೇ ಆಧರಿಸಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 2007ರಲ್ಲಿ ‘ಟಾರ್ ರೆಮಾದೇವಿ’ ಎಂಬ ಪ್ರಭೇದವನ್ನು ವರ್ಣಿಸಿದ್ದರು. ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯಲ್ಲಿ ಸಿಕ್ಕ ಬಲಿತ ಗೂನು ಮಶೀರ್‌ಗಳ ಮೈಕಟ್ಟನ್ನೂ ಡಿಎನ್‌ಎಯನ್ನೂ ಸಂಶೋಧಕರು ತಾಳೆ ನೋಡಿದಾಗ ಎರಡೂ ಒಂದೇ ಎಂದು ಗೊತ್ತಾಯಿತು. ದೈತ್ಯನಿಗೆ ಹನ್ನೊಂದು ವರ್ಷ ಮೊದಲೇ, ಅದರ ಮರಿಗಳ ಮೂಲಕ, ನಾಮಕರಣವಾಗಿ ಹೋಗಿತ್ತು! ಅದೇ 2018ರಲ್ಲಿ ಟಾರ್ ರೆಮಾದೇವಿ ಕೆಂಪು ಪಟ್ಟಿಗೆ ಸೇರಿತು, ‘ತೀವ್ರ ಅಪಾಯದಲ್ಲಿರುವ’ ಪ್ರಭೇದವಾಗಿ.

ಮುಂದಿನ ಸಲ ಕಾವೇರಿ ತೀರಕ್ಕೆ ಹೋದಾಗ ಪುರಿ ಎರಚುವ ಮೊದಲು ಒಂದು ಗಳಿಗೆ ನಿಂತು ನೋಡಿ. ಬಾಲದ ರೆಕ್ಕೆ ಕಿತ್ತಳೆ ಬಣ್ಣದ್ದಾಗಿದ್ದು ಬೆನ್ನು ಗೂನಾಗಿದ್ದರೆ, ಒಂದು ಫೋಟೊ ತೆಗೆದು ಮೀನುಗಾರಿಕೆ ಇಲಾಖೆಯವರಿಗೆ ತಲುಪಿಸಿ.