ಏನನ್ನೂ ಮಾರದವನ ಕಸುಬು

ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಅರ್ಧ ದಾರಿ ಏರಿದ್ದೆವೇನೋ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಡಿಲಿನ ಅವರೆಕಾಯಿ ಚೀಲವನ್ನು ಸರಿಪಡಿಸಿಕೊಳ್ಳುತ್ತ, "ನಿಮ್ದು ಏನು ಕೆಲ್ಸ ಸಾಮಿ?" ಎಂದು ಕೇಳಿದರು. ಗುಂಡ್ಲುಪೇಟೆ ಕಡೆಯ ಮಾತು.

"ಅಂಗಡಿಯವರಿಗೆ, ಕಾರ್ಖಾನೆಯವರಿಗೆ ಸರಕು ಮಾರೋದು ಹೇಗೆ ಅಂತ ಹೇಳೋ ಕೆಲಸ ಅವ್ವ."

"ನೀವೇನು ಮಾರ್ತೀರಿ?"

"ನಾನು ಏನೂ ಮಾರೋದಿಲ್ಲ."

"ಏನೂ ಮಾರ್ದೋರು ಮಾರೋರಿಗೆ ಬುದ್ಧಿ ಹೇಳೋದಾ? ಅದಕ್ಕೆ ಕಾಸೂ ಕೊಡ್ತಾರಾ?"

ಕೊಡುತ್ತಾರೆ ಎಂದೆ. ಅವರು ನಂಬಲಿಲ್ಲ. ಈ ಕಸುಬಿಗೆ ಬಿದ್ದ ಮೇಲೆ ದೊಡ್ಡ ದೊಡ್ಡ ಸಭೆಗಳಲ್ಲಿಯೂ ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ.

ಮಾರುಕಟ್ಟೆ ಸಲಹೆಗಾರನೆಂಬ ಹೆಸರು ಹೊತ್ತವನ ಬದುಕು ಬಹುಮಟ್ಟಿಗೆ ಬಸ್ಸಿನಲ್ಲಿಯೇ ಕಳೆಯುತ್ತದೆ. ಸೋಮವಾರ ಕೂನೂರು, ಮಂಗಳವಾರ ಮೇಟ್ಟುಪಾಳ್ಯ, ಮರುದಿನ ಕೋವೈ, ವಾರದ ಕೊನೆಗೆ ಮೈಸೂರು. ಬಂಡೀಪುರದ ಕಾಡುರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚುವುದರಿಂದ, ಮೈಸೂರಿನಲ್ಲಿ ನಾನು ಕೂಡುವ ಸಭೆಗಳು ಎಷ್ಟು ಹೊತ್ತಿಗೆ ಮುಗಿಯಬೇಕೆಂಬುದನ್ನು ನಿರ್ಧರಿಸುವವು ಆನೆಗಳು. ಇದರಿಂದ ಸಭೆಗಳಿಗೆ ಒಳ್ಳೆಯದೇ ಆಗಿದೆ.

ಕೆಲಸ ಒಪ್ಪಿಕೊಂಡ ಕೂಡಲೇ ನಾನು ಮಾಡುವುದು ಒಂದೇ: ಒಂದು ಇಡೀ ದಿನ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು. ಊಟಿಯ ಚಾಕೊಲೇಟ್ ಅಂಗಡಿಯೊಂದರ ಯಜಮಾನರು ಮಾರಾಟ ಇಳಿಯಿತೆಂದು ಚಿನ್ನದ ಬಣ್ಣದ ಹೊಸ ಹೊದಿಕೆಗೆ ಸಾಕಷ್ಟು ಹಣ ಸುರಿದಿದ್ದರು. ನಿಂತು ಕೇಳಿದರೆ, ಒಳಗೆ ಬಂದವರಲ್ಲಿ ಹೆಚ್ಚಿನವರ ಪ್ರಶ್ನೆ ರುಚಿಯದಲ್ಲ, ಬಣ್ಣದ್ದೂ ಅಲ್ಲ: "ಊರು ಸೇರುವಷ್ಟರಲ್ಲಿ ಕರಗುತ್ತದೆಯೇ?" ಬೆಟ್ಟದ ಮೇಲೆ ಬದುಕುವ ವ್ಯಾಪಾರಿಗೆ ಕೆಳಗಿನ ಸೆಕೆ ಮರೆತೇಹೋಗಿತ್ತು. ದಪ್ಪ ರಟ್ಟಿನ ಪೆಟ್ಟಿಗೆ ಬಂತು, ಮೇ ತಿಂಗಳಲ್ಲಿ ಯಾವುದನ್ನು ಕೊಳ್ಳಬಾರದೆಂದು ಅಂಗಡಿಯವರೇ ಬಾಯಿಬಿಟ್ಟು ಹೇಳತೊಡಗಿದರು. ಅದೇ ಅಂಗಡಿಯ ಗೋಡೆಯ ಮೇಲೆ, ಗ್ರಾಹಕನನ್ನು ದೇವರ ಸಮಕ್ಕೆ ಏರಿಸುವ ವಾಕ್ಯವೊಂದು ಗಾಂಧೀಜಿಯ ಚಿತ್ರದೊಡನೆ ತೂಗುತ್ತಿತ್ತು. ನೀವೂ ಬ್ಯಾಂಕುಗಳಲ್ಲಿ, ಅಂಚೆ ಕಚೇರಿಗಳಲ್ಲಿ ಅದನ್ನು ಕಂಡಿರುತ್ತೀರಿ. ಗಾಂಧೀಜಿಯ ಬರಹಗಳಲ್ಲಿ ಆ ಮಾತು ಸಿಕ್ಕುವುದಿಲ್ಲ. ಹೇಳದ ಮಾತನ್ನು ಹೇಳಿದವರಂತೆ ತೂಗುಹಾಕಿ, ಎದುರಿಗೆ ನಿಂತವನ ಮಾತನ್ನು ಮಾತ್ರ ಕೇಳದಿರುವುದು ನಮ್ಮ ವ್ಯಾಪಾರದ ಹಳೆಯ ಚಾಳಿ.

ಗ್ರಾಹಕನೆಂದರೆ ಗ್ರಹಿಸುವವನು. ಅಂಗಡಿಯ ಗಿರಾಕಿಯೂ ಅವನೇ. ಆದರೆ ಗ್ರಹಿಸಬೇಕಾದವನು ಮಾರುವವನು ಎಂಬುದನ್ನು ನೀಲಗಿರಿ ತುಂಬ ದುಬಾರಿ ಬೆಲೆ ತೆತ್ತು ಕಲಿತಿದೆ. ನಮ್ಮ ಚಹಾದ ಕಥೆಯನ್ನೇ ನೋಡಿ. ಕೂನೂರಿನಲ್ಲಿ 1963ರಿಂದ ಹರಾಜು ನಡೆಯುತ್ತಿದೆ. 1965ರಲ್ಲಿ ಸಹಕಾರಿ ಕಾರ್ಖಾನೆಗಳ ಒಕ್ಕೂಟವಾಗಿ ಇಂಡ್ಕೋಸರ್ವ್ ಹುಟ್ಟಿತು. ಬಡಗ ಸಮುದಾಯದ ಸಣ್ಣ ಬೆಳೆಗಾರರು ಆಲೂಗಡ್ಡೆಯ ಹೊಲಗಳನ್ನು ಚಹಾ ತೋಟಗಳನ್ನಾಗಿ ಮಾಡಿಕೊಂಡರು. ಆಗಿನ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ರೂಪಾಯಿಯಲ್ಲಿಯೇ ನಡೆದ ಆ ವ್ಯಾಪಾರದಲ್ಲಿ ಎಷ್ಟು ಕಳಿಸಿದರೂ ಹೋಗುತ್ತಿತ್ತು. ಎರಡೆಲೆ ಒಂದು ಕುಡಿ ಎಂಬ ಕೊಯ್ಲಿನ ನಿಯಮ ಸಡಿಲಾಯಿತು. ಬಲಿತ ಎಲೆಯೂ ಕುಕ್ಕೆಗೆ ಬಿತ್ತು. ತೂಕಕ್ಕೆ ಹಣ ಸಿಗುತ್ತಿರುವಾಗ ಬೆಳೆಗಾರನನ್ನು ದೂರುವುದು ನ್ಯಾಯವಲ್ಲ. 1991ರಲ್ಲಿ ಗಿರಾಕಿಯ ದೇಶವೇ ಒಡೆದುಹೋಯಿತು. ಪೆಟ್ಟು ಒಡನೆಯೇ ಬೀಳಲಿಲ್ಲ. ಆ ದಶಕದ ಕೊನೆಗೆ ಹಸಿರೆಲೆಯ ಬೆಲೆ ಕುಸಿದಾಗ, ತೋಟವಿದ್ದ ಮನೆಗಳ ಮಕ್ಕಳು ಕೆಲಸ ಹುಡುಕಿ ಕೋವೈಗೂ ತಿರುಪ್ಪೂರಿಗೂ ಇಳಿದರು. ಒಬ್ಬನೇ ಗಿರಾಕಿಯನ್ನು ನಂಬಿದ್ದು ತಪ್ಪೆಂದು ಈಗ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ, ಆ ಗಿರಾಕಿ ಚಹಾವನ್ನು ಹೇಗೆ ಕುಡಿಯುತ್ತಾನೆಂದು ಯಾರೂ ವಿಚಾರಿಸದಿದ್ದದ್ದೇ ದೊಡ್ಡ ತಪ್ಪು.

ಇನ್ನೊಂದು ಕಥೆ ಊಟಿಯ ಇಂದು ನಗರದ್ದು. ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1960ರಲ್ಲಿ ಸ್ಥಾಪನೆಯಾಯಿತು, 1967ರಲ್ಲಿ ಉತ್ಪಾದನೆ ಆರಂಭಿಸಿತು. ಫಿಲ್ಮ್ ತಯಾರಿಕೆಗೆ ಧೂಳಿಲ್ಲದ ತಂಪು ಗಾಳಿ ಬೇಕು; ಅದು ಇಲ್ಲಿತ್ತು. 'ಇಂದು' ಎಂದರೆ ಚಂದ್ರ. ಕತ್ತಲೆಯ ಕೋಣೆಯಲ್ಲಿ ಬೆಳಕಿನ ಕೆಲಸ ಮಾಡುವ ಸರಕಿಗೆ ಅದಕ್ಕಿಂತ ಒಳ್ಳೆಯ ಹೆಸರನ್ನು ಯಾವ ಸಲಹೆಗಾರನೂ ಸೂಚಿಸಲಾರ. ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮು, ಸಿನಿಮಾ ಫಿಲ್ಮು, ನಮ್ಮ ಹಿರಿಯರ ಕಪ್ಪುಬಿಳುಪು ಭಾವಚಿತ್ರಗಳು ಇಲ್ಲಿಯ ಸರಕಿನ ಮೇಲೆ ಮೂಡಿದವು. ಆಮೇಲೆ ಜನ ಬಣ್ಣಕ್ಕೆ ಹೊರಳಿದರು. ಆಮದು ಸುಂಕ ಇಳಿಯಿತು. ಪಾಲಿಯೆಸ್ಟರ್ ಎಕ್ಸ್‌ರೇ ಫಿಲ್ಮಿನ ಹೊಸ ಘಟಕಕ್ಕಾಗಿ ತಂದ ಸಾಲ ಬಡ್ಡಿಯೊಡನೆ ಬೆಳೆಯಿತು. ಕೊನೆಗೆ ಫಿಲ್ಮೇ ಬೇಡದ ಕ್ಯಾಮೆರಾ ಎಲ್ಲರ ಜೇಬಿಗೆ ಬಂತು. ಕಾರ್ಖಾನೆ ಮುಚ್ಚಿತು.

ಆ ಕಾರ್ಖಾನೆ ಸ್ಥಾಪನೆಯಾದ 1960ರಲ್ಲಿಯೇ ಹಾರ್ವರ್ಡಿನ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ ಒಂದು ಪ್ರಬಂಧ ಬರೆದರು. ವ್ಯಾಪಾರಿಗಳ ಸಮೀಪದೃಷ್ಟಿ ಅದರ ವಿಷಯ. ಅಮೆರಿಕದ ರೈಲ್ವೆ ಕಂಪನಿಗಳು ತಾವು ರೈಲು ಓಡಿಸುವವರೆಂದು ತಿಳಿದವೇ ಹೊರತು ಜನರನ್ನು ಊರು ಮುಟ್ಟಿಸುವವರೆಂದು ತಿಳಿಯಲಿಲ್ಲ, ಆದ್ದರಿಂದಲೇ ಕಾರಿಗೂ ವಿಮಾನಕ್ಕೂ ಸೋತವು ಎಂಬುದು ಅವರ ವಾದ. ಜನಕ್ಕೆ ಬೇಕಾದದ್ದು ಫಿಲ್ಮಲ್ಲ, ನೆನಪು. ವೈದ್ಯರಿಗೆ ಬೇಕಾದದ್ದು ಮೂಳೆಯ ಚಿತ್ರ. ಆದರೆ ಇದನ್ನು ಈಗ ಹೇಳುವುದು ಸುಲಭ. ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿಯೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಹಾಗಿದ್ದೂ ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಷ್ಟು ಹಣ, ಅಷ್ಟು ಸಲಹೆಗಾರರು ಇದ್ದವರಿಗೇ ಹೊಳೆಯದಿದ್ದದ್ದು, ಪ್ರತಿ ಹೆಜ್ಜೆಗೂ ದೆಹಲಿಯ ಒಪ್ಪಿಗೆ ಬೇಡಬೇಕಾಗಿದ್ದ ಊಟಿಯ ಕಾರ್ಖಾನೆಗೆ ಹೊಳೆಯಬೇಕಿತ್ತೆಂದು ನಾನು ಹೇಳಲಾರೆ.

ಲೆವಿಟ್ಟರ ವಾದಕ್ಕೆ ನಮ್ಮ ಬೆಟ್ಟದ ರೈಲೇ ಒಂದು ತಮಾಷೆಯ ಉತ್ತರ. 1908ರಲ್ಲಿ ಊಟಿ ತಲುಪಿದ ಈ ಗಾಡಿ ಮೇಟ್ಟುಪಾಳ್ಯದಿಂದ 46 ಕಿಲೋಮೀಟರ್ ಏರಲು ಸುಮಾರು ಐದು ಗಂಟೆ ತೆಗೆದುಕೊಳ್ಳುತ್ತದೆ. ಬಸ್ಸು ಅದಕ್ಕಿಂತ ಎಷ್ಟೋ ಮೊದಲು ಬಂದು ಸೇರುತ್ತದೆ. ಆದರೂ ಟಿಕೆಟ್ಟಿಗೆ ನೂಕುನುಗ್ಗಲು. ಹತ್ತುವವರಿಗೆ ಊಟಿ ಸೇರುವ ಆತುರವೇ ಇಲ್ಲ. ಗಾಡಿಯಲ್ಲಿ ಕೂರುವುದಕ್ಕೇ ಬಂದವರು.

ಇದನ್ನೆಲ್ಲ ಈ ವಾರ ಬರೆಯಲು ಬೇರೆಯೇ ಕಾರಣವಿದೆ. ಕಾಡಂಚಿನ ಊರೊಂದರ ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರು ಕಳೆದ ಬೇಸಿಗೆಯಲ್ಲಿ ನನ್ನನ್ನು ಕರೆಸಿ, "ಸಾರ್, ದಾಖಲಾತಿ ಬಿದ್ದುಹೋಗುತ್ತಿದೆ. ನಮ್ಮ ಶಾಲೆಗೂ ಒಂದು ಚೆಂದದ ಪೋಸ್ಟರ್ ಮಾಡಿಸಿಕೊಡಿ" ಎಂದರು. ಕನ್ನಡ ಬಾವುಟ, ಕವಿಗಳ ಚಿತ್ರ, ಕೆಳಗೊಂದು ಘೋಷವಾಕ್ಯ: ಎಲ್ಲವನ್ನೂ ಅವರೇ ಯೋಚಿಸಿಟ್ಟಿದ್ದರು. ನಾನು ಪೋಸ್ಟರ್ ಬೇಡವೆಂದು, ಮೂರು ವರ್ಷಗಳಲ್ಲಿ ಶಾಲೆ ಬಿಟ್ಟುಹೋದ ಮಕ್ಕಳ ಪಟ್ಟಿಯನ್ನು ಕೇಳಿದೆ. ಅವರಿಗೆ ತುಸು ಬೇಸರವಾಯಿತು. ಪಟ್ಟಿಯಲ್ಲಿ ಹನ್ನೊಂದು ಮನೆಗಳಿದ್ದವು. ಎರಡು ದಿನ ತಿರುಗಿದೆವು.

ಒಂದು ಮನೆಯಲ್ಲಿಯೂ ಕನ್ನಡ ಬೇಡವೆಂದವರಿಲ್ಲ. ಇಬ್ಬರು ತಂದೆಯರು ಇಂಗ್ಲಿಷಿನ ಮಾತೆತ್ತಿದರು. ಅದು ನಮ್ಮೆಲ್ಲರಿಗೂ ಪರಿಚಿತವಾದ ಮಾತು. 2006ರ ತಮಿಳು ಕಲಿಕೆ ಕಾಯ್ದೆಯ ಮೇಲೆ ನಮ್ಮ ಮನೆಗಳಲ್ಲಿ ಹತ್ತನೆಯ ತರಗತಿ ಎಂದರೆ ತಮಿಳು ಪತ್ರಿಕೆಯ ಚಿಂತೆ. ಒಬ್ಬ ತಾಯಿ, ಸಂಜೆ ಒಂದು ಗಂಟೆ ತಮಿಳು ಹೇಳಿಕೊಡುವವರಿದ್ದರೆ ಮಗನನ್ನು ಬಿಡಿಸುತ್ತಲೇ ಇರಲಿಲ್ಲ ಎಂದರು. ಆದರೆ ಆರು ಮನೆಗಳಲ್ಲಿ ಕೇಳಿದ್ದು ಒಂದೇ ಉತ್ತರ. ಬೇರೆ ಶಾಲೆಯ ವ್ಯಾನು ಬೆಳಿಗ್ಗೆ ಮನೆಬಾಗಿಲಿಗೆ ಬರುತ್ತದೆ. ನಮ್ಮ ಶಾಲೆಗೆ ಮಕ್ಕಳು ಎರಡು ಕಿಲೋಮೀಟರ್ ನಡೆಯಬೇಕು, ಆ ದಾರಿಯಲ್ಲಿ ಆನೆ ಬರುತ್ತದೆ. "ಕನ್ನಡ ಬೇಕು ಅಣ್ಣಾ, ಮಗೂನೂ ಬೇಕಲ್ಲ" ಎಂದರು ಒಬ್ಬ ಹೆಣ್ಣುಮಗಳು. ಮುಖ್ಯೋಪಾಧ್ಯಾಯರು ತಲೆ ತಗ್ಗಿಸಿ ನಿಂತರು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಓಡಾಡಿದವರು.

ಮಗುವನ್ನು ಗಿರಾಕಿ ಎನ್ನಲು ನನಗೆ ಮನಸ್ಸಿಲ್ಲ. ಅಂಗಡಿಗೆ ಒಬ್ಬ ಗಿರಾಕಿ ತಪ್ಪಿದರೆ ಲೆಕ್ಕದಲ್ಲಿ ಒಂದು ಸಾಲು ಕಡಿಮೆ. ಶಾಲೆಯಿಂದ ಒಂದು ಮಗು ಹೋದರೆ ಉಳಿದ ಮಕ್ಕಳಿಗೆ ಜೊತೆಗಾರ ಕಡಿಮೆ, ನಾಳೆ ಒಬ್ಬ ಶಿಕ್ಷಕರೂ ಕಡಿಮೆ, ಆಮೇಲೆ ಶಾಲೆಯೇ ಇಲ್ಲ. ಆದ್ದರಿಂದ ನನ್ನ ಕಸುಬಿನಿಂದ ಶಾಲೆಗೆ ಕೊಡಬಹುದಾದದ್ದು ಮೂಲೆಯಲ್ಲಿ ನಿಂತು ಕೇಳುವ ಅಭ್ಯಾಸವೊಂದೇ. ಬಿಟ್ಟುಹೋದವರ ಮನೆಗೆ ಹೋಗಿ ಕುಳಿತುಕೊಳ್ಳಲು ಸಂಭಾವನೆ ಪಡೆಯುವ ಸಲಹೆಗಾರ ಬೇಕಿಲ್ಲ; ಪಾಲಕರ ಸಂಘದ ಇಬ್ಬರು ಸಾಕು.

ಪೋಸ್ಟರಿಗೆಂದು ಕೂಡಿಸಿದ್ದ ಹಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಜೀಪನ್ನು ಬೆಳಿಗ್ಗೆ ಸಂಜೆ ಬಾಡಿಗೆಗೆ ಹಿಡಿದರು. ಜೂನ್‌ನಲ್ಲಿ ಶಾಲೆ ತೆರೆದಾಗ ಹನ್ನೊಂದು ಮನೆಗಳಲ್ಲಿ ಮೂರರ ಮಕ್ಕಳು ಮರಳಿದರು. ಜೀಪಿನ ಬಾಡಿಗೆಗೆ ದೀಪಾವಳಿಯವರೆಗೆ ಮಾತ್ರ ಹಣವಿದೆ. ಮುಂದಿನ ಭಾನುವಾರ ಪಾಲಕರ ಸಭೆ ಕರೆದಿದ್ದಾರೆ. ನನಗೂ ಹೇಳಿಕಳಿಸಿದ್ದಾರೆ, ಬಸ್ಸು ಖರ್ಚು ನನ್ನದೇ. ಕಲ್ಲಟ್ಟಿಯ ಅಜ್ಜಿ ಮತ್ತೆ ಸಿಕ್ಕಿದರೆ ಈ ಕೆಲಸಕ್ಕೆ ಕಾಸು ಕೊಡುವುದಿಲ್ಲವೆಂದು ಹೇಳಬೇಕು.