ಮಗುವಿಗೊಬ್ಬಳಿಗೇ ಡಯಟ್ ಬೇಡ

ಮಗು ದುಂಡುದುಂಡಗಿದ್ದರೆ ಮೈಕೈ ತುಂಬಿಕೊಂಡಿದೆ ಅಂತ ಸಂಭ್ರಮದಿಂದ ದೃಷ್ಟಿ ತೆಗೀತೀವಿ. ಅದೇ ಮಗು ಹತ್ತು ವರ್ಷ ದಾಟಿದ್ದೇ ತಡ, 'ಡುಮ್ಮಿ' ಅಂತ ಹೆಸರಿಡ್ತೀವಿ. ಮದುವೆ ಮನೆಯಲ್ಲಿ ಎಲ್ಲರ ಕಣ್ಣೂ ಅವಳ ಎಲೆಯ ಮೇಲೇ.

ಮೊದಲು ದೊಡ್ಡವರ ಲೆಕ್ಕ ನೋಡೋಣ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಬಿಎಂಐ. ಪಾಶ್ಚಾತ್ಯ ದೇಶಗಳಲ್ಲಿ ಅದು 30 ಮುಟ್ಟಿದರೆ ಬೊಜ್ಜು. ನಮ್ಮ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ, 25ಕ್ಕೆ ಬೊಜ್ಜು ಅನ್ನುತ್ತಾರೆ. ಯಾಕೆ ಗೊತ್ತಾ? ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2! ನಮ್ಮ ಕೊಬ್ಬು ಹೊಟ್ಟೆಯಲ್ಲಿ ಅಡಗಿ ಕೂರುತ್ತೆ. ಹಾಗಾಗಿ ಟೇಪ್ ಹಿಡಿದು ಸೊಂಟವನ್ನೂ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಈ ಅಂಕಿಗಳನ್ನು ಮಕ್ಕಳಿಗೆ ಹಚ್ಚಬೇಡಿ. ಅವರಿಗೆ ವಯಸ್ಸಿಗೆ ತಕ್ಕ ಬೆಳವಣಿಗೆ ಚಾರ್ಟ್ ಇದೆ, ಮಕ್ಕಳ ವೈದ್ಯರು ಅದರಲ್ಲಿ ಗುರುತು ಹಾಕುತ್ತಾರೆ. ಎಷ್ಟೋ ಮಕ್ಕಳು ತೂಕ ಇಳಿಸಬೇಕಾಗಿಯೇ ಇಲ್ಲ. ತೂಕ ಅಲ್ಲೇ ನಿಂತು ಎತ್ತರ ಏರಿದರೆ ಸಾಕು. ಆದರೆ ತೂಕ ಏರುತ್ತಾ ಎತ್ತರ ನಿಂತುಬಿಟ್ಟಿದ್ದರೆ ಹಾರ್ಮೋನ್ ತೊಂದರೆ ಇರಬಹುದು, ತೋರಿಸಲೇಬೇಕು.

ಉಪವಾಸ ಕೆಡವುವುದು, ಅಣ್ಣನಿಗೆ ಚಿಪ್ಸ್ ಕೊಟ್ಟು ತಂಗಿಗೆ ಸೌತೆಕಾಯಿ ಕೊಡುವುದು ಚಿಕಿತ್ಸೆಯಲ್ಲ, ಶಿಕ್ಷೆ. ಹಾಗೆ ಮಾಡಿದರೆ ಮಗು ಕದ್ದು ತಿನ್ನೋದು ಕಲಿಯುತ್ತೆ. ಸಾಮಾನು ತರುವವರು ನಾವು ತಾನೇ? 300 ಎಂ.ಎಲ್. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತೆ. ಅದು ಫ್ರಿಜ್ಜಿಗೇ ಬರದಿದ್ದರೆ ಜಗಳವೇ ಇಲ್ಲ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟ ಬೇಕು, ಕುಂಟೆಬಿಲ್ಲೆಯಾದರೂ ಸರಿ. ದಿನವಿಡೀ ಕೂತು ಕೋಡ್ ಬರೆಯುವ ನಮ್ಮಂಥವರಿಗೂ ವಾರಕ್ಕೆ 150 ನಿಮಿಷ ಬೇಕೇ ಬೇಕು.

2025ರಲ್ಲಿ ನಮ್ಮಲ್ಲಿಗೂ ಬಂದ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ಕೆಲವರಿಗೆ ನಿಜಕ್ಕೂ ಬೇಕಾಗುತ್ತವೆ. ಅದು ವೈದ್ಯರ ತೀರ್ಮಾನ. ನಿಲ್ಲಿಸಿದರೆ ತೂಕ ಮರಳಿ ಬರೋದೇ ಹೆಚ್ಚು. 80 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿಸಿದರೂ ಶುಗರ್, ಬಿಪಿ ಸುಧಾರಿಸುತ್ತವೆ.

ಈ ವಾರ ಒಂದು ಕೆಲಸ ಮಾಡಿ: ಮನೆಯಲ್ಲಿ 'ಡುಮ್ಮಿ' ಅನ್ನೋ ಪದ ನಿಲ್ಲಿಸಿ. ರಾತ್ರಿ ಊಟ ಆದಮೇಲೆ ಎಲ್ಲರೂ ಒಟ್ಟಿಗೆ ಒಂದು ಸುತ್ತು ನಡೆದು ಬನ್ನಿ.