‘ಸದ್ಯಕ್ಕೆ’ ಎಂಬ ಮಾತಿನ ಮರೆಯಲ್ಲಿ

ನಮ್ಮ ಹುಡುಗರು ವಿದೇಶಕ್ಕೆ ಹೊರಟು ನಿಂತಾಗ ಬಂಧುಬಳಗದವರು ಕೇಳುವ ಪ್ರಶ್ನೆಗಳು ಮೂರು: ಸಂಬಳವೆಷ್ಟು, ಚಳಿ ಎಷ್ಟು, ಊಟಕ್ಕೇನು ಗತಿ? ವಾಸದ ಮಾತು ಮಾತ್ರ ‘ಕಂಪನಿಯವರು ಸದ್ಯಕ್ಕೆ ಎಲ್ಲೋ ಇಳಿಸುತ್ತಾರಂತೆ’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ‘ಸದ್ಯಕ್ಕೆ’ ಎಂಬ ಪದದ ಬಗ್ಗೆ ನನಗೆ ಬಲವಾದ ತಕರಾರಿದೆ. ಅದು ಮನೆ ಕೊಡುವವನಿಗೂ ಕೆಲಸ ಕೊಡುವವನಿಗೂ ಅನುಕೂಲವಾದ ಪದ. ಅದರ ಬೆಲೆ ತೆರುವವನು ಸೂಟ್‌ಕೇಸು ಹಿಡಿದು ಹೊಸ ಊರಿನಲ್ಲಿ ನಿಂತವನು.

ಜರ್ಮನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಶ್ಟುಟ್‌ಗಾರ್ಟ್, ಮ್ಯೂನಿಕ್ ನಗರಗಳಲ್ಲಿದ್ದಾರೆ; ಮಗಳ ಮನೆಯಲ್ಲಿ ಎರಡು ಬೇಸಗೆ ಕಳೆದ ನಾನೂ ಅಲ್ಲಿಯ ರೀತಿನೀತಿಗಳನ್ನು ಅಷ್ಟಿಷ್ಟು ಕಂಡಿದ್ದೇನೆ. ನೆಲೆಸಲು ಬಂದವನ ನಾಗರಿಕ ಜೀವನ ಆ ದೇಶದಲ್ಲಿ ವಿಳಾಸದ ನೋಂದಣಿಯಿಂದ ಆರಂಭವಾಗುತ್ತದೆ. ಮನೆ ಹೊಕ್ಕ 2 ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ಹೆಸರು ಬರೆಸಬೇಕು. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ಇದಕ್ಕೆ ಮನೆ ಕೊಟ್ಟವನ ದೃಢೀಕರಣವೂ ಬೇಕು. ಹೊಸದಾಗಿ ಬಂದವನಿಗೆ ನೋಂದಣಿಯಾದ ಬಳಿಕವೇ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ತಡವಾದರೆ ಸಂಬಳದಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗಬಹುದು. ಹೆಚ್ಚಾದ ಹಣ ಮುಂದೆ ಮರಳಿ ಬಂದೀತು, ಆದರೆ ಕೈಯಲ್ಲಿ ಕಾಸಿಲ್ಲದ ಮೊದಲ ತಿಂಗಳಿಗೆ ಒದಗುವುದಿಲ್ಲ. ವಾಸದ ಪರವಾನಗಿಯನ್ನು ಯಾವ ಊರಿನ ಕಚೇರಿಯಲ್ಲಿ ಕೇಳಬೇಕೆಂಬುದನ್ನು ನಿರ್ಧರಿಸುವುದೂ ಈ ವಿಳಾಸವೇ.

ಹೀಗಿರುವಾಗ ‘ನೋಂದಣಿಗೆ ಅವಕಾಶವಿಲ್ಲ’ ಎಂಬ ಷರತ್ತಿನೊಡನೆ ಕೋಣೆಗಳನ್ನು ಬಾಡಿಗೆಗೆ ಕೊಡುವವರಿದ್ದಾರೆ. ಕಾರಣ ಊಹಿಸಲು ಕಷ್ಟವಿಲ್ಲ. ಎಷ್ಟೋ ವೇಳೆ ಕೋಣೆ ಕೊಡುವವನೇ ಬಾಡಿಗೆದಾರ. ಮಾಲೀಕನ ಅನುಮತಿಯಿಲ್ಲದೆ ಮರುಬಾಡಿಗೆಗೆ ಕೊಟ್ಟಿರುತ್ತಾನೆ. ಇನ್ನೊಂದು ಹೆಸರು ಕಾಗದದ ಮೇಲೆ ಬರುವುದು ಅವನಿಗೆ ಬೇಡ, ಅಂಚೆ ಪೆಟ್ಟಿಗೆಯ ಮೇಲಂತೂ ಸರ್ವಥಾ ಬೇಡ. ಅಲ್ಲಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ನಮ್ಮಂತೆ ಫ್ಲ್ಯಾಟಿನ ಸಂಖ್ಯೆ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾನೆ. ಹೆಸರಿಲ್ಲದಿದ್ದರೆ ಪತ್ರ ಹಿಂದಕ್ಕೆ. ನನ್ನ ವಿದ್ಯಾರ್ಥಿಯೊಬ್ಬನ ಬ್ಯಾಂಕಿನ ಪತ್ರವೂ ಆರೋಗ್ಯ ವಿಮೆಯ ಕಾರ್ಡೂ ಹೀಗೆಯೇ ಮರಳಿ ಹೋದವು. ಅದೇ ವಾರ ಅವನು ಜ್ವರದಿಂದ ಮಲಗಿದ್ದ. ಊರಿಗೆ ಫೋನು ಮಾಡಿದಾಗ ಮಾತ್ರ ‘ಚೆನ್ನಾಗಿದ್ದೇನಮ್ಮ’ ಎಂದೇ ಹೇಳುತ್ತಿದ್ದ.

‘ತಾತ್ಕಾಲಿಕ’ವೆಂಬುದು ಅಲ್ಲಿಯ ಕಾನೂನಿನಲ್ಲೂ ಭಾರವಾದ ಪದ. ಮನೆಗಳ ಅಭಾವವಿರುವ ಊರುಗಳಲ್ಲಿ ಹೊಸ ಬಾಡಿಗೆಯು ಸ್ಥಳೀಯ ದರಕ್ಕಿಂತ ಸಾಮಾನ್ಯವಾಗಿ ಶೇ. 10ಕ್ಕಿಂತ ಹೆಚ್ಚಾಗಬಾರದೆಂಬ ನಿಯಮ 2015ರಲ್ಲಿ ಬಂತು. 2025ರಲ್ಲಿ ಅದನ್ನು 2029ರ ಕೊನೆಯವರೆಗೆ ವಿಸ್ತರಿಸಿದರು. ಆದರೆ ತಾತ್ಕಾಲಿಕ ಬಳಕೆಗೆಂದು ಕೊಟ್ಟ ಮನೆಗೆ ಈ ಮಿತಿ ಅನ್ವಯಿಸುವುದಿಲ್ಲ. ತೆರವುಗೊಳಿಸುವುದರ ವಿರುದ್ಧ ಇರುವ ಸಾಮಾನ್ಯ ರಕ್ಷಣೆಯೂ ಸಿಗುವುದಿಲ್ಲ. ನಾಲ್ಕು ಕುರ್ಚಿ, ಒಂದು ಮಂಚ ಹಾಕಿ ‘ಸುಸಜ್ಜಿತ, ಅಲ್ಪಾವಧಿಗೆ’ ಎಂದು ಬರೆದರೆ ಸಾಕು, ಬಾಡಿಗೆ ಆಕಾಶಕ್ಕೇರುತ್ತದೆ. ಅದನ್ನು ಬಿಟ್ಟು ಖಾಯಂ ಮನೆ ಹಿಡಿಯೋಣವೆಂದರೆ ಮೂರು ತಿಂಗಳ ಸಂಬಳದ ಚೀಟಿ ತಾ, ಸಾಲ ತೀರಿಸುವ ಯೋಗ್ಯತೆಯ ಪತ್ರ ತಾ ಎನ್ನುತ್ತಾರೆ. ನಿನ್ನೆ ಇಳಿದವನು ಎಲ್ಲಿಂದ ತಂದಾನು? ತಂದು ಮನೆ ಹಿಡಿದರೂ ಅಡುಗೆಮನೆಯ ಕಪಾಟು, ಒಲೆ, ಕೆಲವೊಮ್ಮೆ ದೀಪವೂ ಇರುವುದಿಲ್ಲ. ಎಲ್ಲವನ್ನೂ ತಾನೇ ಕೊಳ್ಳಬೇಕು. ಹೀಗೆ ಒಂದು ತಿಂಗಳ ಬಿಡಾರ ಎಂಟು ತಿಂಗಳಿಗೆ ಬೆಳೆಯುತ್ತದೆ.

‘ದೃಢೀಕರಣ ಕೊಡುವುದು ಮಾಲೀಕನ ಕರ್ತವ್ಯವೆಂದು ಕಾಯಿದೆಯೇ ಹೇಳುವಾಗ ಚಿಂತೆಯೇಕೆ?’ ಎಂದು ನೀವು ಕೇಳಬಹುದು. ಭಾಷೆ ಬಾರದ ಊರಿನಲ್ಲಿ, ಮೊದಲ ವಾರದಲ್ಲಿ, ತಲೆಯ ಮೇಲೆ ಸೂರು ಕೊಟ್ಟವನೊಡನೆ ಕಾಯಿದೆ ಹಿಡಿದು ವಾದಿಸುವ ಎದೆಗಾರಿಕೆ ಎಷ್ಟು ಜನರಿಗಿದೆ? ಆ ವಾದವನ್ನು ಮಾಡಬೇಕಾದದ್ದು ಅವನನ್ನು ಕರೆಸಿಕೊಂಡ ಕಂಪನಿ. ವಿಮಾನದ ಟಿಕೆಟ್ಟು, ಹೋಟೆಲಿನ ಕೆಲವು ವಾರ ಕೊಟ್ಟು ಕೈತೊಳೆದುಕೊಳ್ಳುವುದನ್ನು ಸೌಜನ್ಯವೆಂದು ಕರೆಯಲು ನಾನು ಸಿದ್ಧನಿಲ್ಲ.

‘ಬೆಂಗಳೂರಿಗಿಂತ ವಾಸಿಯಲ್ಲವೇ?’ ಎಂಬ ಮಾತೂ ಕಿವಿಗೆ ಬಿದ್ದಿದೆ. ನಿಜ, ಅಲ್ಲಿ ಮುಂಗಡವು 3 ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ 3 ಕಂತುಗಳಲ್ಲಿ ಕೊಡಬಹುದು. ಬೆಂಗಳೂರಿನಲ್ಲಿ 10 ತಿಂಗಳ ಮುಂಗಡ ತೆತ್ತವರು ನಮ್ಮಲ್ಲಿ ಎಷ್ಟು ಜನರಿಲ್ಲ! ನೋಂದಣಿಯ ಖರ್ಚು ತಪ್ಪಿಸಲು 11 ತಿಂಗಳ ಕರಾರು ಬರೆದು, ವರ್ಷವರ್ಷವೂ ಅದನ್ನೇ ಹೊಸದಾಗಿ ಬರೆದು, ಹತ್ತು ವರ್ಷ ‘ತಾತ್ಕಾಲಿಕ’ವಾಗಿ ಬಾಳಿದ ಜನ ನಾವು. ಆ ಅಭ್ಯಾಸಬಲದಿಂದಲೇ ನಮ್ಮ ಮಕ್ಕಳು ಅಲ್ಲಿಯೂ ಬಾಯಿ ಮುಚ್ಚಿಕೊಂಡಿರುತ್ತಾರೆ.

ಶ್ಟುಟ್‌ಗಾರ್ಟ್ ಇರುವ ವುರ್ಟೆಂಬರ್ಗ್ ಸೀಮೆಯಿಂದಲೇ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. ಕೊನೆಗೆ ಅವರು ತಮ್ಮ ನಾಡಿಗೇ ಮರಳಿದರು. ಮರಳುವವರ ಬದುಕೂ ಇದ್ದಷ್ಟು ದಿನ ಪೂರ್ತಿ ಬದುಕೇ. ನಾಲ್ಕು ದಿನದ ವಾಸಕ್ಕೆ ಇಷ್ಟೆಲ್ಲ ಏಕೆ ಎನ್ನುವ ಹಿರಿಯರು ಇದನ್ನು ಯೋಚಿಸಬೇಕು.

ಆದ್ದರಿಂದ ಹೊರಡಲಿರುವ ವಿದ್ಯಾರ್ಥಿಗಳೇ, ಕೆಲಸದ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೊದಲು ಇಳಿಯುವ ಮನೆಯಲ್ಲಿ ವಿಳಾಸ ನೋಂದಾಯಿಸಲು ಆಗುವುದೇ? ಅದರ ಬಾಡಿಗೆಯನ್ನು ಕಂಪನಿ ಎಷ್ಟು ವಾರ ಭರಿಸುತ್ತದೆ? ಖಾಯಂ ಮನೆ ಹುಡುಕುವಾಗ ನಮ್ಮ ಪರವಾಗಿ ಮಾತನಾಡುವವರು ಯಾರು? ಮನೆ ನೋಡದೆ ಯಾರಿಗೂ ಮುಂಗಡ ಕಳುಹಿಸಬೇಡಿ. ಇನ್ನು ಬಂಧುಗಳಲ್ಲಿ ವಿನಂತಿ: ಮುಂದಿನ ಸಲ ಫೋನಿನಲ್ಲಿ ಸಂಬಳ ವಿಚಾರಿಸುವ ಮೊದಲು, ಅಂಚೆ ಪೆಟ್ಟಿಗೆಯ ಮೇಲೆ ನಿನ್ನ ಹೆಸರಿದೆಯೇ ಎಂದು ಕೇಳಿ.